ಸಮುದ್ರದೂರಿನ ಬೇಸಿಗೆ ಜಾತ್ರೆ: ಕೋಲಾರದಿಂದ ಹೊರಡುವವರು ಯಾವ ದಡ ಹಿಡಿಯಬೇಕು?

ಏಪ್ರಿಲ್ ಎರಡನೇ ವಾರ ಶಾಲೆ ಮುಚ್ಚಿದ ಮೇಲೆ ಕೋಲಾರ, ಮುಳಬಾಗಿಲು, ಬಂಗಾರಪೇಟೆ ಕಡೆಯ ಮನೆಗಳಲ್ಲಿ ಸಮುದ್ರದ ಮಾತು ಏಳುವುದು ವಾಡಿಕೆ. ವರ್ಷವಿಡೀ ಹರಿಯುವ ಹೊಳೆ ಇಲ್ಲದ ಜಿಲ್ಲೆ ನಮ್ಮದು. ಕೆರೆ ಕೋಡಿ ಬಿದ್ದರೆ ಊರಿಗೆ ಊರೇ ನೋಡೋಕೆ ಹೋಗುತ್ತೆ. ಹಾಗಾಗಿ ನೀರು ಅಂದರೆ ಮಕ್ಕಳಿಗಿಂತ ದೊಡ್ಡವರಿಗೇ ಆಸೆ ಜಾಸ್ತಿ. ಆದರೆ ಮಾತು ಶುರುವಾಗುವುದೇ ತಪ್ಪು ತುದಿಯಿಂದ. ಯಾವ ಬೀಚು, ಯಾವ ರೆಸಾರ್ಟು, ರೂಮಿಗೆ ಎಷ್ಟು ಅಂತ ಫೋನ್ ಹಿಡಿದು ಕೂತರೆ ಸಿಗುವುದು ಹನ್ನೆರಡು ತಿಂಗಳೂ ಒಂದೇ ಥರ ಇರುವ ಮರಳು. ಏಪ್ರಿಲ್-ಮೇ ಬಿಸಿಲಲ್ಲಿ ಬೆಳಗ್ಗೆ ಹತ್ತರ ಮೇಲೆ ಆ ಮರಳಿನ ಮೇಲೆ ಕಾಲಿಡೋಕೂ ಆಗಲ್ಲ. ಬೇಸಿಗೆಯಲ್ಲಿ ಕರಾವಳಿಗೆ ಹೋಗುವ ಖುಷಿ ಏನಿದ್ದರೂ ಅಲ್ಲಿನವರು ಮಳೆ ಬೀಳುವ ಮೊದಲು ಮುಗಿಸಿಕೊಳ್ಳುವ ಜಾತ್ರೆ, ತೇರು, ಆಟಗಳಲ್ಲಿದೆ. ಅವಕ್ಕೆ ತಾರೀಕು ಇದೆ, ತಿಥಿ ಇದೆ. ನಿಮ್ಮ ರಜೆ ಯಾವ ವಾರ ಅನ್ನುವುದು ಮೊದಲು ಗೊತ್ತಾದರೆ ಯಾವ ಊರು ಅನ್ನುವುದು ಅರ್ಧ ತೀರ್ಮಾನವಾದ ಹಾಗೆ.

ಇಲ್ಲಿ ತೂಗಿ ನೋಡಿರುವುದು ನಾಲ್ಕು ಕಡೆ: ಮಂಗಳೂರು ಸುತ್ತಿನ ಪೊಳಲಿ, ಮೂಲ್ಕಿ, ಕಟೀಲು, ಉಡುಪಿ-ಕುಂದಾಪುರದ ಯಕ್ಷಗಾನದ ಸೀಮೆ, ಉತ್ತರ ಕನ್ನಡದ ಅಂಕೋಲಾ, ಮತ್ತು ನಾವು ಯಾಕೋ ಲೆಕ್ಕಕ್ಕೇ ಹಿಡಿಯದ ಪೂರ್ವದ ದಡ, ಅಂದರೆ ಚೆನ್ನೈ ಮತ್ತು ಪಾಂಡಿಚೇರಿ. ಕೊನೆಯದನ್ನು ನೋಡಿ ಹುಬ್ಬೇರಿಸಬೇಡಿ. ಕೋಲಾರದಿಂದ ಮಂಗಳೂರು 420 ಕಿಲೋಮೀಟರ್ ಆಸುಪಾಸು, ಚೆನ್ನೈ 270 ಆಸುಪಾಸು. ನಮ್ಮ ಹತ್ತಿರದ ಸಮುದ್ರ ಬಂಗಾಳ ಕೊಲ್ಲಿ.

ಮೊದಲು ಕ್ಯಾಲೆಂಡರ್ ನೋಡಿ

ಪಶ್ಚಿಮ ಕರಾವಳಿಯ ಬೇಸಿಗೆಗೆ ಒಂದು ಗಡಿ ಇದೆ. ಅದರ ಹೆಸರು ಪತ್ತನಾಜೆ. ತುಳುವರ ಬೇಶ ತಿಂಗಳ ಹತ್ತನೇ ದಿನ. ನಮ್ಮ ಲೆಕ್ಕದಲ್ಲಿ ಮೇ 24ರ ಹೊತ್ತಿಗೆ ಬರುತ್ತೆ. ಅವತ್ತಿಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಭೂತಕೋಲ, ನೇಮ ಅನ್ನುವ ದೈವಾರಾಧನೆಗಳು ನಿಲ್ಲುತ್ತವೆ, ದೇವಸ್ಥಾನಗಳಲ್ಲಿ ಉತ್ಸವ ಮುಗಿಯುತ್ತೆ. ಮತ್ತೆ ಶುರುವಾಗುವುದು ದೀಪಾವಳಿ ಕಳೆದ ಮೇಲೆ. ಜೂನ್ ಮೊದಲ ವಾರ ಮುಂಗಾರು ಕರಾವಳಿಗೆ ಇಳಿದರೆ ಬಯಲಲ್ಲಿ ರಂಗಸ್ಥಳ ಹಾಕೋಕೆ, ಬೀದಿಯಲ್ಲಿ ತೇರು ಎಳೆಯೋಕೆ ಆಗುವ ಮಾತಲ್ಲ. ಜನರೂ ಗದ್ದೆಗೆ ಇಳಿದಿರುತ್ತಾರೆ. ಮದುವೆ, ಗೃಹಪ್ರವೇಶ ಎಲ್ಲ ಮುಗಿಸಿ "ಮೇ ಕೊನೇ ವಾರ ಆರಾಮಾಗಿ ಹೋಗೋಣ" ಅಂತ ಇಟ್ಟುಕೊಂಡವರಿಗೆ ಅಲ್ಲಿ ಸಿಗುವುದು ಮೋಡ, ಸೆಕೆ, ಬರೀ ಬೀದಿ.

ಇನ್ನೊಂದು ವಿಷಯ. ನಮ್ಮ ಕಡೆಯವರು ಕರಾವಳಿ ಅಂದ ಕೂಡಲೇ ಕಂಬಳ ಕೇಳುತ್ತಾರೆ. ಕಂಬಳದ ಕಾಲ ನವೆಂಬರಿನಿಂದ ಮಾರ್ಚ್. ಕೆಲವು ವರ್ಷ ಏಪ್ರಿಲಿಗೂ ಎಳೆದುಕೊಂಡು ಹೋಗುತ್ತೆ ಅಷ್ಟೇ. ಬೇಸಿಗೆ ರಜೆಗೆ ಅದನ್ನು ನಂಬಿಕೊಂಡು ಹೋಗಬೇಡಿ. ಗೋಕರ್ಣದ ದೊಡ್ಡ ತೇರು ಶಿವರಾತ್ರಿಗೇ ಆಗಿಹೋಗಿರುತ್ತೆ. ಕೊಲ್ಲೂರಿನ ತೇರು ಮಾರ್ಚ್ ಸುಮಾರಿಗೆ. ಜಿಲ್ಲಾಡಳಿತಗಳು ನಡೆಸುವ ಕರಾವಳಿ ಉತ್ಸವಗಳು ಸಾಮಾನ್ಯವಾಗಿ ಡಿಸೆಂಬರ್-ಜನವರಿ ಕಡೆ ಬೀಳುತ್ತವೆ. ಉಳ್ಳಾಲ ದರ್ಗಾದ ದೊಡ್ಡ ಉರೂಸ್ ಐದು ವರ್ಷಕ್ಕೊಮ್ಮೆ. 2025ರ ಬೇಸಿಗೆಯಲ್ಲಿ ನಡೆದಿದೆ, ಇನ್ನು 2030ಕ್ಕೆ.

ಮೀನು ತಿನ್ನುವವರು ಇನ್ನೂ ಎರಡು ತಾರೀಕು ನೆನಪಿಟ್ಟುಕೊಳ್ಳಿ. ಪೂರ್ವ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳಿಗೆ ಏಪ್ರಿಲ್ 15ರಿಂದ ಜೂನ್ 14ರವರೆಗೆ ಮೀನುಗಾರಿಕೆ ನಿಷೇಧ. ಪಶ್ಚಿಮದಲ್ಲಿ ಜೂನ್ 1ರಿಂದ ಜುಲೈ 31. ಎರಡೂ ಕಡೆ 61 ದಿನ. ಅಂದರೆ ರಜೆಯಲ್ಲಿ ಮಲ್ಪೆ, ಮಂಗಳೂರಿನ ಬಂದರುಗಳು ಗಿಜಿಗುಡುತ್ತಿರುವಾಗ ಚೆನ್ನೈನ ಕಾಸಿಮೇಡು ಬಂದರಿನಲ್ಲಿ ದೊಡ್ಡ ಬೋಟುಗಳು ಸಾಲಾಗಿ ಲಂಗರು ಹಾಕಿರುತ್ತವೆ. ಬಂಗುಡೆ, ಅಂಜಲ್ ಮೇಲೆ ಕಣ್ಣಿಟ್ಟು ಹೊರಟವರಿಗೆ ಯೋಚನೆಯೇ ಬೇಡ, ಪಶ್ಚಿಮಕ್ಕೆ ಹೋಗಿ.

ಶ್ರೀನಿವಾಸಪುರ ಕಡೆ ಮಾವಿನ ತೋಟ ಇರುವವರಿಗಂತೂ ಬೇರೆ ದಾರಿಯೇ ಇಲ್ಲ. ಮೇ ಕೊನೆಗೆ ಕಾಯಿ ಕೀಳುವ ಕೆಲಸ ಹತ್ತಿಕೊಂಡರೆ ಜುಲೈವರೆಗೆ ತೋಟ, ಮಂಡಿ ಬಿಟ್ಟು ಕದಲೋಕೆ ಆಗಲ್ಲ. ಅವರ ಪಾಲಿಗೆ ಏಪ್ರಿಲ್ ಒಂದೇ. ಅದೃಷ್ಟಕ್ಕೆ ಕರಾವಳಿಯ ಒಳ್ಳೊಳ್ಳೆ ಜಾತ್ರೆಗಳೂ ಅದೇ ಏಪ್ರಿಲ್‌ನಲ್ಲಿ.

ಪೊಳಲಿ, ಮೂಲ್ಕಿ, ಕಟೀಲು

ಏಪ್ರಿಲ್ ರಜೆ ಇರುವವರಿಗೆ ನನ್ನ ಮೊದಲ ಆಯ್ಕೆ ಇದೇ. ಮೂರೂ ದೇವಿಯ ಜಾತ್ರೆಗಳು, ಮೂರೂ ಒಂದಕ್ಕೊಂದು ಹತ್ತಿರ, ಮಂಗಳೂರಿನಲ್ಲಿ ಉಳಿದುಕೊಂಡು ಬಸ್ಸಲ್ಲೇ ಓಡಾಡಬಹುದು. ಆದರೆ ಮೂರರ ಸ್ವಭಾವ ಮೂರು ಥರ.

ಪೊಳಲಿ ಇರುವುದು ಬಂಟ್ವಾಳ ತಾಲೂಕಿನಲ್ಲಿ, ಫಲ್ಗುಣಿ ನದಿಯ ಹತ್ತಿರ. ರಾಜರಾಜೇಶ್ವರಿಯ ಮೂರ್ತಿ ಕಲ್ಲಿನದಲ್ಲ, ಮಣ್ಣಿನದು, ಆಳೆತ್ತರ ಮೀರಿದ್ದು. ಜಾತ್ರೆ ಮಾರ್ಚ್ ಮಧ್ಯದಲ್ಲಿ ಶುರುವಾಗಿ ಹೆಚ್ಚುಕಡಿಮೆ ಒಂದು ತಿಂಗಳು ನಡೆಯುತ್ತೆ. ಮೂರು ದಿನದ ಪರಿಷೆ ನೋಡಿ ಬೆಳೆದ ನಮಗೆ ಒಂದು ತಿಂಗಳ ಜಾತ್ರೆ ಅಂದರೆ ನಂಬೋಕೇ ಕಷ್ಟ. ನೋಡಬೇಕಾದದ್ದು ಕೊನೆಯ ಭಾಗದ ಚೆಂಡು. ಐದು ದಿನ ಬಯಲಲ್ಲಿ ಊರಿನವರು ಎರಡು ಪಾಳಿಯಾಗಿ ತೊಗಲಿನ ಚೆಂಡಿಗೆ ಮುಗಿಬೀಳುತ್ತಾರೆ. ರೆಫರಿ ಇಲ್ಲ, ಗೋಲುಕಂಬ ಇಲ್ಲ; ಒದೆ ಬಿದ್ದವನೂ ನಗುತ್ತಾ ಏಳುತ್ತಾನೆ. ಚೆಂಡು ಮುಗಿದ ಮೇಲೆ ತೇರು. ಜಾತ್ರೆಗೆ ಬಂದವರು ವಾಪಸ್ ಹೋಗುವಾಗ ಕೈಯಲ್ಲಿ ಹಿಡಿದುಕೊಂಡು ಹೋಗುವುದು ಬಚ್ಚಂಗಾಯಿ, ಅಂದರೆ ನಮ್ಮ ಕಲ್ಲಂಗಡಿ. ಅದನ್ನು ದೇವರ ಪ್ರಸಾದದ ಹಾಗೆ ಮನೆಗೆ ಒಯ್ಯುತ್ತಾರೆ. ಬಯಲ ಪಕ್ಕ ಹಣ್ಣಿನ ರಾಶಿಗಳು, ಒಂದೊಂದನ್ನೂ ಬೆರಳಲ್ಲಿ ತಟ್ಟಿ ಕಿವಿಗೊಟ್ಟು ಕೇಳುವ ಹೆಂಗಸರು, ಪಕ್ಕದಲ್ಲೇ ತ್ರಿಕೋನ ತುಂಡು ಕೊಯ್ದು ಒಳಗಿನ ಕೆಂಪು ತೋರಿಸುವ ವ್ಯಾಪಾರಿ. ಕೋಲಾರದ ರೈತರಿಗೆ ಇದು ತಮ್ಮದೇ ವ್ಯವಹಾರ, ದರ ಕೇಳದೆ ಮುಂದೆ ಹೋಗಲ್ಲ. ಪೊಳಲಿಯ ತೊಂದರೆ ಒಂದೇ: ಬಹಳ ವರ್ಷ ಶಾಲೆ ಮುಚ್ಚುವ ಹೊತ್ತಿಗೆ ಅದು ಮುಗಿಯುವ ಹಂತದಲ್ಲಿರುತ್ತೆ. ಎಷ್ಟು ದಿನದ ಜಾತ್ರೆ ಅನ್ನುವುದೂ ಎಲ್ಲ ವರ್ಷ ಒಂದೇ ಅಲ್ಲ. ದೇವಸ್ಥಾನಕ್ಕೆ ಒಂದು ಫೋನ್ ಮಾಡಿಯೇ ಟಿಕೆಟ್ ತೆಗೆಯಿರಿ.

ಮೂಲ್ಕಿಯ ಬಪ್ಪನಾಡು ಸಮುದ್ರಕ್ಕೆ ಇನ್ನೂ ಹತ್ತಿರ. ಶಾಂಭವಿ ನದಿಯಲ್ಲಿ ದೋಣಿ ನಿಂತುಹೋದ ಬಪ್ಪ ಬ್ಯಾರಿ ಎಂಬ ಮುಸ್ಲಿಂ ವ್ಯಾಪಾರಿ ಕಟ್ಟಿಸಿದ ದುರ್ಗಾಪರಮೇಶ್ವರಿ ಗುಡಿ ಅನ್ನುವುದು ಸ್ಥಳಪುರಾಣ. ಜಾತ್ರೆಯಲ್ಲಿ ಇಂದಿಗೂ ಬಪ್ಪ ಬ್ಯಾರಿಯ ಮನೆತನಕ್ಕೆ ಪ್ರಸಾದದ ಗೌರವ ಸಲ್ಲುತ್ತೆ. ಮಾರ್ಚ್-ಏಪ್ರಿಲ್‌ನಲ್ಲಿ ನಡೆಯುವ ಜಾತ್ರೆಯ ಶಯನೋತ್ಸವಕ್ಕೆ ಭಕ್ತರು ಮಲ್ಲಿಗೆ ತಂದು ಸುರಿಯುತ್ತಾರೆ. ಸುರಿಯುವುದು ಅಂದರೆ ಮಾತಿಗೆ ಅಲ್ಲ. ಅಲ್ಲಿ ಮಲ್ಲಿಗೆಯನ್ನು ಮಾರುವುದು ಮಾರಿನ ಲೆಕ್ಕದಲ್ಲಲ್ಲ, ಚೆಂಡು ಮತ್ತು ಅಟ್ಟೆಯಲ್ಲಿ: ಬಾಳೆನಾರಿನಲ್ಲಿ ಒತ್ತೊತ್ತಾಗಿ ಕಟ್ಟಿದ ಸುಮಾರು 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಜಾತ್ರೆ ಸಮಯದಲ್ಲಿ ದರ ದಿನಕ್ಕೊಂದು ಥರ. ಮುಡಿಗೆ ಮೊಳ ಹೂವು ಕೊಂಡು ರೂಢಿಯಿರುವ ನಮ್ಮ ಹೆಂಗಸರು ಅಲ್ಲಿ ಬುಟ್ಟಿಬುಟ್ಟಿ ಹೂವು ಗರ್ಭಗುಡಿ ಕಡೆ ಹೋಗುವುದನ್ನು ನೋಡುತ್ತಾ ನಿಂತುಬಿಡುತ್ತಾರೆ. ವಯಸ್ಸಾದವರನ್ನು ಕರೆದುಕೊಂಡು ಹೋಗೋಕೆ ಮೂರರಲ್ಲಿ ಇದೇ ಸಲೀಸು. ಹೆದ್ದಾರಿಯ ಪಕ್ಕದಲ್ಲೇ ಗುಡಿ, ಮೂಲ್ಕಿಗೆ ಕೊಂಕಣ ರೈಲ್ವೆ ನಿಲ್ದಾಣವೂ ಇದೆ.

ಕಟೀಲು ನಂದಿನಿ ನದಿಯ ನಡುವಿನ ಗುಡಿ. ಮೇಷ ಸಂಕ್ರಮಣಕ್ಕೆ, ಅಂದರೆ ಏಪ್ರಿಲ್ 14ರ ಹೊತ್ತಿಗೆ ಧ್ವಜ ಏರಿ ಎಂಟು ದಿನ ಜಾತ್ರೆ. ಇದು ರಜೆಯೊಳಗೆ ಕರಾರುವಾಕ್ಕಾಗಿ ಬೀಳುತ್ತೆ, ಅದೇ ಇದರ ದೊಡ್ಡ ಅನುಕೂಲ. ಇಲ್ಲಿನ ತೂಟೆದಾರ ನೋಡದವರಿಗೆ ಹೇಳಿ ಅರ್ಥ ಮಾಡಿಸುವುದು ಕಷ್ಟ. ಅತ್ತೂರು, ಕೊಡೆತ್ತೂರು ಎರಡು ಊರಿನ ಗಂಡಸರು ಬರಿಮೈಯಲ್ಲಿ ಎದುರುಬದುರು ನಿಂತು ಉರಿಯುವ ಗರಿಯ ಸೂಡಿಗಳನ್ನು ಒಬ್ಬರ ಮೇಲೊಬ್ಬರು ಎಸೆಯುತ್ತಾರೆ. ಮೊದಲು ಕತ್ತಲಲ್ಲಿ ಒಂದೆರಡು ಕಿಡಿ, ಆಮೇಲೆ ಆಕಾಶದ ತುಂಬ ಬೆಂಕಿಯ ಕಮಾನು. ಮೈಗೆ ತಾಗಿದರೆ ಕುಂಕುಮದ ನೀರು ಚಿಮುಕಿಸಿಕೊಳ್ಳುತ್ತಾರೆ. ಜಗಳ ಅನ್ನಿಸುತ್ತೆ, ಜಗಳ ಅಲ್ಲ. ಹಿರಿಯರು ಸಾಕು ಅಂದ ಕ್ಷಣ ಎಲ್ಲ ನಿಲ್ಲುತ್ತೆ. ನನ್ನ ಕೇಳಿದರೆ ಬೇಸಿಗೆಯ ಕರಾವಳಿಯಲ್ಲಿ ಒಂದೇ ರಾತ್ರಿ ನೋಡೋಕೆ ಆಗುವುದಾದರೆ ಇದನ್ನೇ ನೋಡಿ. ಆದರೆ ಐದು ವರ್ಷದೊಳಗಿನ ಮಕ್ಕಳನ್ನು, ಉಬ್ಬಸ ಇರುವವರನ್ನು ಆ ಹೊಗೆಗೆ ಕರೆದುಕೊಂಡು ಹೋಗುವುದು ಬೇಡ. ಮುಂದಿನ ಸಾಲಿನ ಆಸೆಯನ್ನೂ ಬಿಡಿ. ನೈಲಾನ್ ಸೀರೆ, ಪಾಲಿಯೆಸ್ಟರ್ ಶರ್ಟು ಅವತ್ತು ಮನೆಯಲ್ಲೇ ಇರಲಿ. ಕಟೀಲಿನಲ್ಲಿ ಆ ವಾರ ರೂಮು ಸಿಗುವುದು ಕಷ್ಟ. ಕಿನ್ನಿಗೋಳಿ, ಮೂಲ್ಕಿ ಇಲ್ಲವೇ ಮಂಗಳೂರಿನಲ್ಲಿ ನೋಡಿಕೊಳ್ಳಿ. ಊಟಕ್ಕೆ ಯೋಚನೆ ಇಲ್ಲ, ದೇವಸ್ಥಾನದಲ್ಲಿ ಪಂಕ್ತಿ ಏಳುತ್ತಲೇ ಇರುತ್ತೆ.

ಇದೇ ಹೊತ್ತಿಗೆ ತುಳುನಾಡಿನ ಬಿಸು ಕೂಡ. ಅದು ಮನೆಯೊಳಗಿನ ಹಬ್ಬ. ಕಣಿ ಇಟ್ಟು ಕನ್ನಡಿ, ಹಣ್ಣು, ತರಕಾರಿ ನೋಡಿ ಹಿರಿಯರ ಕಾಲಿಗೆ ಬೀಳುವುದು. ಪರಿಚಯದವರ ಮನೆ ಇದ್ದರೆ ಸಿಗುತ್ತೆ, ಇಲ್ಲದಿದ್ದರೆ ಇಲ್ಲ.

ಭೂತಕೋಲದ ಬಗ್ಗೆ ಒಂದು ಮಾತು. ಸಿನಿಮಾ ನೋಡಿ ಬಂದ ಹುಡುಗರು ಈಗ ಅದನ್ನೇ ಹುಡುಕುತ್ತಾರೆ. ಕೋಲ ಒಂದು ಮನೆತನದ, ಒಂದು ಊರಿನ ಸೇವೆ. ಯಾರಾದರೂ ಕರೆದರೆ ಹೋಗಿ, ಚಪ್ಪಲಿ ಬಿಟ್ಟು ಹಿಂದೆ ಕೂತು ನೋಡಿ, ಮೊಬೈಲನ್ನು ಜೇಬಲ್ಲಿಡಿ. ಹಣ ಕೊಟ್ಟು ನೋಡುವ ಕೋಲ ಎಲ್ಲಿ ಸಿಗುತ್ತೆ ಅಂತ ಕೇಳಿದರೆ ಅಲ್ಲಿನವರಿಗೆ ಬೇಜಾರಾಗುತ್ತೆ, ಆಗಬೇಕಾದದ್ದೇ.

ಉಡುಪಿ, ಕುಂದಾಪುರ: ಆಟದ ರಾತ್ರಿಗಳು

ಏಪ್ರಿಲ್ ಮೂರನೇ ವಾರ ತಪ್ಪಿತು, ಮೇ ಮೊದಲೆರಡು ವಾರ ರಜೆ ಸಿಕ್ಕಿತು ಅನ್ನುವವರು ಉಡುಪಿ ಕಡೆ ತಿರುಗಿ. ಇಲ್ಲಿ ತಿಥಿಯ ಗೊಡವೆ ಕಡಿಮೆ. ಪತ್ತನಾಜೆವರೆಗೆ ಪ್ರತಿ ರಾತ್ರಿ ಎಲ್ಲೋ ಒಂದು ಕಡೆ ಆಟ ಇದ್ದೇ ಇರುತ್ತೆ. ಯಕ್ಷಗಾನಕ್ಕೆ ಅಲ್ಲಿನವರು ಹೇಳುವುದೇ ಆಟ ಅಂತ.

ಎರಡು ಥರದ ಆಟ ಇದೆ, ಆರಿಸಿಕೊಳ್ಳುವ ಮುಂಚೆ ವ್ಯತ್ಯಾಸ ತಿಳಿದಿರಲಿ. ಒಂದು ಹರಕೆಯ ಬಯಲಾಟ. ಮಂದಾರ್ತಿಯಂಥ ದೇವಸ್ಥಾನದ ಮೇಳಗಳನ್ನು ಹರಕೆ ಹೊತ್ತವರು ತಮ್ಮ ಮನೆಯಂಗಳಕ್ಕೋ ಗದ್ದೆಗೋ ಕರೆಸಿ ಆಡಿಸುತ್ತಾರೆ. ನೋಡೋಕೆ ದುಡ್ಡಿಲ್ಲ, ಯಾರು ಬೇಕಾದರೂ ಬಂದು ಕೂರಬಹುದು, ಬಹಳ ಕಡೆ ಊಟವೂ ಹಾಕುತ್ತಾರೆ. ಹರಕೆ ಆಟ ಆಡಿಸೋಕೆ ವರ್ಷಗಟ್ಟಲೆ ಸರದಿ ಕಾಯಬೇಕು. ನೋಡೋಕೆ ಕಾಯುವ ಕೆಲಸವಿಲ್ಲ. ಇನ್ನೊಂದು ಟಿಕೆಟ್ ಇಟ್ಟು ಆಡುವ ಡೇರೆ ಮೇಳ. ಸಾಲಿಗ್ರಾಮ, ಪೆರ್ಡೂರು ಹೆಸರುಗಳು ಈ ಸಾಲಿನಲ್ಲಿ ಪ್ರಸಿದ್ಧ. ಕುರ್ಚಿ ಇರುತ್ತೆ, ಹೊಸ ಪ್ರಸಂಗಗಳು, ಹಾಸ್ಯ ಜಾಸ್ತಿ. ಭಾಗವತಿಕೆಯ, ಅಂದರೆ ಯಕ್ಷಗಾನದ ಹಾಡುಗಾರಿಕೆಯ ರುಚಿ ಹತ್ತದ ಮಕ್ಕಳಿಗೆ ಡೇರೆ ಮೇಳ ಹಿಡಿಸಬಹುದು. ನನಗೆ ಬಯಲಾಟವೇ ಮೇಲು. ಜನ ಚಾಪೆ ಸುತ್ತಿಕೊಂಡು ಬಂದು, ಮಕ್ಕಳನ್ನು ಮಡಿಲಲ್ಲಿ ಮಲಗಿಸಿಕೊಂಡು, ಚೆಂಡೆ ಏರಿದಾಗ ಎಬ್ಬಿಸಿ ರಾಕ್ಷಸನನ್ನು ತೋರಿಸುವುದು ಡೇರೆಯ ಕುರ್ಚಿಯಲ್ಲಿ ಸಿಗಲ್ಲ.

ಹೋಗುವುದಾದರೆ ಆಟ ಶುರುವಾಗುವ ಎರಡು ಗಂಟೆ ಮೊದಲೇ ಹೋಗಿ ಚೌಕಿ ನೋಡಿ. ಚೌಕಿ ಅಂದರೆ ವೇಷ ಕಟ್ಟುವ ಜಾಗ. ಮೊದಲು ದೇವರ ಪೂಜೆ, ಆಮೇಲೆ ಸಾಲಾಗಿ ಪೆಟ್ಟಿಗೆ ಇಟ್ಟುಕೊಂಡು ನೆಲದ ಮೇಲೆ ಕೂತ ಕಲಾವಿದರು, ಎಡಗೈಯಲ್ಲಿ ಕನ್ನಡಿ, ಬಲಗೈಯಲ್ಲಿ ಬಣ್ಣದ ಕಡ್ಡಿ. ದಕ್ಷಿಣ ಕನ್ನಡದ ಶೈಲಿಯಾದ ತೆಂಕುತಿಟ್ಟಿನ ಚೌಕಿಯಾದರೆ ಬಣ್ಣದ ವೇಷದವನು ಅಕ್ಕಿಹಿಟ್ಟು-ಸುಣ್ಣದ ಚುಟ್ಟಿಯನ್ನು ಮುಖದ ಮೇಲೆ ಚುಕ್ಕಿ ಚುಕ್ಕಿಯಾಗಿ ಇಡುತ್ತಾ ಗಂಟೆಗಟ್ಟಲೆ ಕೂತಿರುತ್ತಾನೆ. ಉಡುಪಿಯಿಂದ ಉತ್ತರಕ್ಕೆ ಬಡಗುತಿಟ್ಟು ಶೈಲಿ. ಅಲ್ಲಿ ಕೇದಗೆ ಮುಂದಲೆ ಕಟ್ಟುವುದನ್ನು ನೋಡಬೇಕು, ಬಟ್ಟೆ-ದಾರ ಸುತ್ತುತ್ತಾ ಸುತ್ತುತ್ತಾ ತಲೆಯ ಮೇಲೆ ಹೂವಿನ ಎಸಳು ಅರಳುತ್ತೆ. ಮಾತಾಡಿಸಬೇಡಿ, ಫೋಟೋಗೆ ಕೇಳಿಯೇ ಕೈ ಹಾಕಿ.

ಇಡೀ ರಾತ್ರಿ ಕೂರೋಕೆ ಆಗದವರು ಕಾಲಮಿತಿ ಆಟ ಕೇಳಿ. ನಡುರಾತ್ರಿ ಸುಮಾರಿಗೆ ಮುಗಿಯುತ್ತೆ. ಇವತ್ತು ಎಲ್ಲಿ ಆಟ ಅನ್ನುವುದು ಆ ಕಡೆಯ ದಿನಪತ್ರಿಕೆಯ 'ಇಂದಿನ ಯಕ್ಷಗಾನ' ಥರದ ಅಂಕಣದಲ್ಲಿ ಸಿಗುತ್ತೆ. ಹೋಟೆಲಿನ ಗಲ್ಲಾದಲ್ಲಿ ಕೂತವರನ್ನು ಕೇಳಿದರೂ ಗೊತ್ತಿರುತ್ತೆ. ಎರಡೂ ಆಗದಿದ್ದರೆ ಆಟೋದವರನ್ನು ಕೇಳಿ; ಆಟ ಮುಗಿದ ಮೇಲೆ ವಾಪಸ್ ಬರೋದು ಹೇಗೆ ಅಂತಲೂ ಆಗಲೇ ಮಾತಾಡಿಕೊಳ್ಳಿ, ರಾತ್ರಿ ಆ ಒಳದಾರಿಗಳಲ್ಲಿ ಬಸ್ಸು ಇರಲ್ಲ.

ಹಗಲಿಗೆ ಉಡುಪಿಯ ರಥಬೀದಿ, ಮಲ್ಪೆ, ಸೈಂಟ್ ಮೇರೀಸ್ ದ್ವೀಪ ಇದೆ. ದ್ವೀಪದ ದೋಣಿಗಳು ಮಳೆಗಾಲದಲ್ಲಿ ಬಂದ್, ಬೇಸಿಗೆಯಲ್ಲೂ ಗಾಳಿ ಜೋರಾದರೆ ನಿಲ್ಲಿಸುತ್ತಾರೆ. ಬೆಳಗ್ಗಿನ ಮೊದಲ ದೋಣಿಗೇ ಹೋಗಿ. ಅಲ್ಲಿನ ಕಂಬಕಂಬದ ಕರಿಕಲ್ಲು ಲಾವಾ ಆರಿ ಬಿರುಕುಬಿಟ್ಟು ಆದದ್ದು, ನೆರಳು ಕೊಡುವ ಮರ ಮಾತ್ರ ಬೆರಳೆಣಿಕೆ. ಹನ್ನೊಂದರ ಮೇಲೆ ಅದು ಕಾದ ಕಾವಲಿ.

ಅಂಕೋಲಾ: ಒಂದು ಹುಣ್ಣಿಮೆ, ಒಂದು ಹಣ್ಣು

ದೂರ ಜಾಸ್ತಿ, ಕೋಲಾರದಿಂದ 550 ಕಿಲೋಮೀಟರ್ ಹತ್ತಿರ. ಆದರೂ ಮೇ ತಿಂಗಳ ಹುಣ್ಣಿಮೆ ರಜೆಯೊಳಗೆ ಬಂದರೆ ಯೋಚನೆ ಮಾಡಿ. ವೈಶಾಖದ ಬುದ್ಧ ಪೂರ್ಣಿಮೆಗೆ ಅಂಕೋಲೆಯಲ್ಲಿ ಭೂಮತಾಯಿ ಶಾಂತಾದುರ್ಗೆಯ ಬಂಡಿಹಬ್ಬ. ಸುತ್ತಲಿನ ಎಲ್ಲ ಜಾತಿಯವರಿಗೂ ಅದರಲ್ಲಿ ಒಂದೊಂದು ಕೆಲಸ, ಒಂದೊಂದು ಹಕ್ಕು. ಪ್ರವಾಸಿಗಳಿಗೆ ಅಂತ ಏನೂ ಮಾಡಿರಲ್ಲ, ನೋಡೋಕೆ ಬಂದವರನ್ನು ಯಾರೂ ತಡೆಯಲ್ಲ. 1930ರಲ್ಲಿ ಉಪ್ಪಿನ ಸತ್ಯಾಗ್ರಹ ನಡೆದ ಊರು ಇದು. ಅದೂ ಏಪ್ರಿಲ್ ಬಿಸಿಲಲ್ಲೇ.

ಹಬ್ಬ ತಪ್ಪಿದರೂ ಹಣ್ಣು ತಪ್ಪಲ್ಲ. ಮೇ ತಿಂಗಳಲ್ಲಿ ಅಂಕೋಲೆಯ ರಸ್ತೆ ಬದಿ ಕೊರಳ ತುಂಬ ಮಣಿಸರ ಹಾಕಿದ ಹಾಲಕ್ಕಿ ಹೆಂಗಸರು ಬುಟ್ಟಿ ಇಟ್ಟು ಇಷಾಡು ಮಾವು ಮಾರುತ್ತಾರೆ. 2023ರಲ್ಲಿ ಕರಿ ಇಷಾಡಿಗೆ ಜಿಐ, ಅಂದರೆ ಭೌಗೋಳಿಕ ಗುರುತಿನ ಮಾನ್ಯತೆಯೂ ಬಂತು. ಕರಿ ಇಷಾಡು ಕೇಳಿ. ಸಿಪ್ಪೆ ತೆಳು, ತಿರುಳು ಜಾಸ್ತಿ. ಬಿಳಿ ಇಷಾಡಿನ ಸಿಪ್ಪೆ ದಪ್ಪ. ಬಾದಾಮಿ, ಮಲ್ಲಿಕಾ ಬೆಳೆಯುವ ನಮ್ಮವರು ಮೊದಲು ಮೂಗು ಮುರಿಯುತ್ತಾರೆ, ಎರಡನೇ ಹಣ್ಣಿಗೆ ಸುಮ್ಮನಾಗುತ್ತಾರೆ. ದೂರದ ಪ್ರಯಾಣಕ್ಕೆ ತಡೆಯುವ ಹಣ್ಣಲ್ಲ, ಅಲ್ಲೇ ತಿನ್ನಿ.

ಪೂರ್ವದ ದಡ: ಯಾರಿಗೆ, ಯಾವಾಗ

ಚೆನ್ನೈನ ಮೈಲಾಪುರದ ಕಪಾಲೀಶ್ವರ ಗುಡಿಯಿಂದ ಮರೀನಾ ದಡ ನಡಿಗೆಯ ದೂರ. ಹಳೆಯ ಗುಡಿ ಕಡಲ ತಡಿಯಲ್ಲೇ ಇತ್ತು. ಪೋರ್ಚುಗೀಸರ ಕಾಲದಲ್ಲಿ ಹಾಳಾಗಿ ಈಗಿನ ಜಾಗಕ್ಕೆ ಬಂತು. ಇಲ್ಲಿನ ಪಂಗುನಿ ಉತ್ಸವ ಹತ್ತು ದಿನ. ಎಂಟನೇ ದಿನ ಅರವತ್ತಮೂರು ನಾಯನ್ಮಾರರ, ಅಂದರೆ ಶಿವಭಕ್ತ ಸಂತರ ಮೂರ್ತಿಗಳು ಪಲ್ಲಕ್ಕಿಗಳಲ್ಲಿ ಗುಡಿಯ ಸುತ್ತಲಿನ ಮಾಡಬೀದಿ ಸುತ್ತುವುದನ್ನು ನೋಡೋಕೆ ಲಕ್ಷಗಟ್ಟಲೆ ಜನ. ಮನೆಮನೆ ಮುಂದೆ ಮಜ್ಜಿಗೆ, ಪಾನಕ, ಅನ್ನದ ಪೊಟ್ಟಣ ಹಂಚುತ್ತಾರೆ. ನೋಡಲೇಬೇಕಾದ ಉತ್ಸವ, ಆದರೆ ಬರುವುದು ಮಾರ್ಚ್-ಏಪ್ರಿಲ್ ಸಂದಿಯಲ್ಲಿ. ಪರೀಕ್ಷೆ ಬರೆಯುವ ಮಕ್ಕಳಿರುವ ಮನೆಗೆ ಆಗದು. ರಜೆಯೊಳಗೆ ಬೇಕಾದರೆ ತಿರುವಲ್ಲಿಕೇಣಿಯ ಪಾರ್ಥಸಾರಥಿ ಗುಡಿಯ ಚಿತ್ತಿರೈ ಬ್ರಹ್ಮೋತ್ಸವ ಇದೆ, ಅದೂ ಮರೀನಾದ ಮಗ್ಗುಲಲ್ಲೇ. ತಮಿಳರು ಅಗ್ನಿ ನಕ್ಷತ್ರ ಅನ್ನುವ ಮೇ ತಿಂಗಳ ಕಡುಬಿಸಿಲಲ್ಲಿ ಮಾತ್ರ ಹಗಲು ಹೊರಗೆ ಕಾಲಿಡಬೇಡಿ. ಕೋಲಾರದ ಒಣ ಬಿಸಿಲೇ ಬೇರೆ, ಮೈಗೆ ಅಂಟುವ ಆ ಸೆಕೆಯೇ ಬೇರೆ.

ಪೂರ್ವದ ನಿಜವಾದ ಅನುಕೂಲ ಪತ್ತನಾಜೆ ಕಳೆದ ಮೇಲೆ ಗೊತ್ತಾಗುವುದು. ಮುಂಗಾರು ಪಶ್ಚಿಮವನ್ನು ತೋಯಿಸುವಾಗ ಪೂರ್ವದಲ್ಲಿ ಹೇಳಿಕೊಳ್ಳುವ ಮಳೆ ಇರಲ್ಲ; ಅವರ ಮಳೆಗಾಲ ಅಕ್ಟೋಬರ್ ಮೇಲೆ. ಹಾಗಾಗಿ ಒಂದು ದಡದ ಹಬ್ಬ ಮುಗಿದಾಗ ಇನ್ನೊಂದು ದಡದಲ್ಲಿ ನಡೆಯುತ್ತಲೇ ಇರುತ್ತೆ. ಪಾಂಡಿಚೇರಿ ಪಕ್ಕದ ವಿಲ್ಲಿಯನೂರಿನ ತಿರುಕಾಮೀಶ್ವರ ತೇರು ಮೇ-ಜೂನ್‌ನಲ್ಲಿ. ಫ್ರೆಂಚರ ಕಾಲದಿಂದ ಬಂದ ರೂಢಿಯಂತೆ ಅಲ್ಲಿ ಗವರ್ನರ್ ಕೂಡ ಬಂದು ತೇರಿನ ಹಗ್ಗ ಹಿಡಿಯುತ್ತಾರೆ. ವೀರಾಂಪಟ್ಟಿನಂ ಮೀನುಗಾರರ ತೇರು ಆಗಸ್ಟ್ ಸುಮಾರಿಗೆ. ಆಗಸ್ಟ್ 29ರಿಂದ ಸೆಪ್ಟೆಂಬರ್ 8ರವರೆಗೆ ವೇಲಾಂಕಣಿ ಮಾತೆಯ ಚರ್ಚಿನ ಹಬ್ಬ. ಕೆಜಿಎಫ್‌ನವರಿಗೆ ಇದನ್ನು ನಾನು ಹೇಳಿಕೊಡಬೇಕಾಗಿಲ್ಲ. ಸಂಜೆ ಪಾಂಡಿಚೇರಿಯ ಕಡಲ ರಸ್ತೆಗೆ ವಾಹನ ಬಿಡುವುದಿಲ್ಲ, ಹಿರಿಯರು, ಮಕ್ಕಳು ನಿರಾಳವಾಗಿ ನಡೆಯಬಹುದು. ಭಾಷೆಯೂ ನಮಗೆ ಅಡ್ಡಿಯಲ್ಲ, ತೆಲುಗು-ತಮಿಳು ಎರಡೂ ಬೆರೆತ ನಾಲಿಗೆ ನಮ್ಮದು.

ಖರ್ಚು, ಪ್ರಯಾಣ

ಹತ್ತಿರ ಅನ್ನುವ ಕಾರಣಕ್ಕೇ ಪೂರ್ವ ಅಗ್ಗ ಅಂದುಕೊಳ್ಳಬೇಡಿ. ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸಾಮಾನ್ಯ ಸಾರಿಗೆ ಬಸ್ಸು ರಾಜ್ಯದೊಳಗೆ ಪೂರ್ತಿ ಉಚಿತ. ಅಜ್ಜಿ, ಅಮ್ಮ, ಅತ್ತೆ, ಇಬ್ಬರು ಹೆಣ್ಣುಮಕ್ಕಳು ಅಂತ ಹೊರಟ ಕುಟುಂಬಕ್ಕೆ ಕೋಲಾರದಿಂದ ಮಂಗಳೂರಿನ ಖರ್ಚು ಗಂಡಸರ ಟಿಕೆಟ್ ಅಷ್ಟೇ. ರಾಜಹಂಸ, ಸ್ಲೀಪರ್, ಎಸಿ ಬಸ್ಸಿಗೆ ಇದು ನಡೆಯಲ್ಲ, ಗಡಿ ದಾಟಿದ ಮೇಲೂ ಇಲ್ಲ. ಮಂಗಳೂರು-ಉಡುಪಿ ಒಳಗೆ ಓಡುವ ಬಸ್ಸುಗಳಲ್ಲಿ ಬಹುಪಾಲು ಖಾಸಗಿ. ಅಲ್ಲಿ ಎಲ್ಲರೂ ದುಡ್ಡು ಕೊಡಬೇಕು. ಅಲ್ಲಿನ ಕಂಡಕ್ಟರು "ಬೇಗ ಬೇಗ" ಅಂದರೆ ನಿಜಕ್ಕೂ ಬೇಗ ಹತ್ತಬೇಕು, ಅವರು ಕಾಯುವವರಲ್ಲ.

ರೈಲಾದರೆ ಬೆಂಗಳೂರಿನಿಂದ ಸಂಜೆ ಹೊರಡುವ ಪಂಚಗಂಗಾ ಎಕ್ಸ್‌ಪ್ರೆಸ್ ಉಡುಪಿ, ಕುಂದಾಪುರ ದಾಟಿ ಕಾರವಾರದ ತನಕ ಹೋಗುತ್ತೆ. ಟಿಕೆಟ್ 60 ದಿನ ಮೊದಲು ತೆರೆಯುತ್ತೆ, ಏಪ್ರಿಲ್ ಟಿಕೆಟ್ ತೆರೆದ ದಿನವೇ ಖಾಲಿಯಾದರೂ ಆಶ್ಚರ್ಯವಿಲ್ಲ. ಚೆನ್ನೈಗೆ ಬೃಂದಾವನ, ಲಾಲ್‌ಬಾಗ್ ಎಕ್ಸ್‌ಪ್ರೆಸ್‌ಗಳು ಬಂಗಾರಪೇಟೆಯಲ್ಲೇ ನಿಲ್ಲುತ್ತವೆ, ಬೆಂಗಳೂರಿನ ಟ್ರಾಫಿಕ್ ದಾಟುವ ಕರ್ಮವಿಲ್ಲ. ಬಾಗಿಲಿಂದ ಬಾಗಿಲಿಗೆ ಲೆಕ್ಕ ಹಾಕಿದರೆ ಚೆನ್ನೈ ಅರ್ಧ ದಿನ, ಉಡುಪಿ ಒಂದು ಪೂರ್ತಿ ರಾತ್ರಿ ಮತ್ತು ಅದರ ಹಿಂದಿನ ಮಧ್ಯಾಹ್ನ.

ನೀರಿನ ಹತ್ತಿರ

ಹಬ್ಬಕ್ಕೆ ಹೋದರೂ ಮಕ್ಕಳು ನೀರಿಗೆ ಇಳಿಯದೆ ಬಿಡಲ್ಲ. 2024ರ ಡಿಸೆಂಬರಿನಲ್ಲಿ ಮುರುಡೇಶ್ವರದ ಸಮುದ್ರದಲ್ಲಿ ಮುಳಬಾಗಿಲು ತಾಲೂಕಿನ ನಾಲ್ವರು ಶಾಲಾ ವಿದ್ಯಾರ್ಥಿನಿಯರನ್ನು ಕಳೆದುಕೊಂಡ ಜಿಲ್ಲೆ ನಮ್ಮದು. ಕಲ್ಯಾಣಿಯಲ್ಲಿ, ಬಾವಿಯಲ್ಲಿ ಈಜು ಕಲಿತವರಿಗೆ ಸಮುದ್ರ ಗೊತ್ತಿದೆ ಅಂತ ಅರ್ಥವಲ್ಲ. ಬಾವಿಯ ನೀರು ನಿಂತಿರುತ್ತೆ. ಸಮುದ್ರದಲ್ಲಿ ದಡಕ್ಕೆ ಬಂದ ನೀರು ಒಂದು ಕಿರಿದಾದ ಓಣಿ ಹಿಡಿದು ಜೋರಾಗಿ ವಾಪಸ್ ಹೋಗುತ್ತೆ. ಮೋಸ ಅಂದರೆ ಆ ಓಣಿಯಲ್ಲೇ ಅಲೆ ಕಡಿಮೆ ಒಡೆಯುವುದು, ನೋಡಿದರೆ ಶಾಂತವಾಗಿ ಕಾಣುವುದು. ಎಳೆತಕ್ಕೆ ಸಿಕ್ಕರೆ ದಡದ ಕಡೆಗೇ ಗುದ್ದಾಡದೆ ದಡದ ಉದ್ದಕ್ಕೆ ಅಡ್ಡ ಈಜಿ ಓಣಿಯಿಂದ ಹೊರಬರಬೇಕು, ಆಮೇಲೆ ದಡಕ್ಕೆ. ಲೈಫ್‌ಗಾರ್ಡ್ ಇಲ್ಲದ ಕಡೆ, ನದಿ ಸಮುದ್ರ ಸೇರುವ ಅಳಿವೆಯಲ್ಲಿ ಮೊಣಕಾಲಿನ ಮೇಲೆ ನೀರು ಬೇಡ. ಮರೀನಾದಲ್ಲೂ ಇದೇ ಮಾತು. ಅಲ್ಲಿ ದಡದಿಂದ ಹತ್ತು ಹೆಜ್ಜೆಗೇ ಆಳ.

ಹಾಗಾದರೆ ಯಾರು ಎಲ್ಲಿಗೆ?

ಏಪ್ರಿಲ್ ಮಧ್ಯದ ವಾರ, ಮನೆಯಲ್ಲಿ ಹರೆಯದವರು ಇದ್ದರೆ ಕಟೀಲು. ಎರಡನೇ ಮಾತೇ ಇಲ್ಲ. ವಯಸ್ಸಾದವರು ಜೊತೆಗಿದ್ದು ಏಪ್ರಿಲ್ ಆರಂಭದಲ್ಲೇ ಹೊರಡೋಕೆ ಆದರೆ ಮೂಲ್ಕಿ, ಜೊತೆಗೆ ಪೊಳಲಿಯ ತೇರು ಸಿಕ್ಕರೆ ಸಿಗಲಿ. ಮೇ ಮೊದಲರ್ಧ, ಯಾವ ತಿಥಿಗೂ ಕಟ್ಟುಬೀಳದೆ ಹೋಗುವವರಿಗೆ ಕುಂದಾಪುರ. ಹುಣ್ಣಿಮೆ ಕೂಡಿಬಂದರೆ, ನಾಲ್ಕು ದಿನ ಕೈಯಲ್ಲಿದ್ದರೆ ಅಂಕೋಲಾ. ಎರಡೇ ದಿನ ಇರುವವರು, ಅಥವಾ ಜೂನ್ ಮೇಲೆ ಹೊರಡುವವರು ಪೂರ್ವಕ್ಕೆ ಹೋಗಿ. ಬಂಗಾರಪೇಟೆಯಲ್ಲಿ ರೈಲು ಹತ್ತಿದರೆ ಸಾಕು.

ಮುದ್ದೆ ಇಲ್ಲದೆ ಊಟ ಇಳಿಯದವರು ಅಕ್ಕಿ ವಿಚಾರ ಮೊದಲೇ ತಿಳಿದಿರಿ. ಕರಾವಳಿಯ ಹೋಟೆಲಿನಲ್ಲಿ ಸುಮ್ಮನೆ ಊಟ ಅಂದರೆ ಕೆಂಪು ಕುಚ್ಚಲಕ್ಕಿ ಬರಬಹುದು. ಬೆಳ್ತಿಗೆ ಅಂತ ಕೇಳಿದರೆ ಬಿಳಿ ಅನ್ನ ಕೊಡುತ್ತಾರೆ.

ಇಷ್ಟೆಲ್ಲ ಹೇಳಿದ ಮೇಲೂ ಮೇ ಕೊನೇ ವಾರವೇ ಪಶ್ಚಿಮಕ್ಕೆ ಹೋಗಬೇಕು ಅನ್ನುವ ಹಟವಾದಿಗಳಿಗೆ ಒಂದು ಜಾಗ ಉಳಿದಿದೆ. ಮೂಲ್ಕಿ ಪಕ್ಕದ ಸಸಿಹಿತ್ಲು, ನಂದಿನಿ ಮತ್ತು ಶಾಂಭವಿ ಎರಡೂ ಸಮುದ್ರ ಸೇರುವ ಜಾಗ. ಜಾತ್ರೆಗಳೆಲ್ಲ ಮುಗಿದು ಅಲೆ ಎತ್ತರವಾಗುವ ಹೊತ್ತಿಗೆ, ಮೇ ಕೊನೆ ಜೂನ್ ಮೊದಲಲ್ಲಿ, ಇಲ್ಲಿ ರಾಷ್ಟ್ರಮಟ್ಟದ ಸರ್ಫಿಂಗ್ ಸ್ಪರ್ಧೆ ಇಂಡಿಯನ್ ಓಪನ್ ನಡೆದುಕೊಂಡು ಬಂದಿದೆ. 2023, 2024, 2025 ಮೂರೂ ವರ್ಷ ನಡೆಯಿತು. ಕೊಡೆ ಹಿಡಿದು ದಡದಲ್ಲಿ ನಿಂತು ನೋಡಿ. ತಾರೀಕನ್ನು ಆ ವರ್ಷದ ಪ್ರಕಟಣೆ ಬಂದ ಮೇಲೆ ಖಚಿತ ಮಾಡಿಕೊಳ್ಳಿ, ರೂಮನ್ನು ಮೂಲ್ಕಿಯಲ್ಲೇ ಮಾಡಿ.